ದಾಳಿಂಬೆ ಕಲೆಯ ಪುಟ

ಅಲ್ವಂದ್ ಬೆಟ್ಟದ ನೆತ್ತಿ ಹಿಮ ಬಿದ್ದು ಬೆಳ್ಳಗಾಯಿತೆಂದರೆ ಹಮದಾನ್ ಊರಿನ ಹೆಂಗಸರಿಗೆ ಬೇರೆ ಕ್ಯಾಲೆಂಡರ್ ಬೇಕಿಲ್ಲ. ಗಂಡಸರು ಇನ್ನೂ ಅಂಗಿಯ ತೋಳು ಮಡಚಿಕೊಂಡು ಬಜಾರಿನಲ್ಲಿ ಓಡಾಡುತ್ತಿರುವಾಗಲೇ ಹೆಂಗಸರು ಅಟ್ಟದಿಂದ ಕೊರ್ಸಿ ಇಳಿಸಿ ಧೂಳು ಹೊಡೆಯುತ್ತಾರೆ. ಮೊಣಕಾಲೆತ್ತರದ ಚೌಕ ಮೇಜು ಅದು. ಕೆಳಗೆ ಕೆಂಡದ ಬೋಗುಣಿ, ಮೇಲೆ ಕೋಣೆಯಷ್ಟಗಲದ ರಜಾಯಿ. ನಾಲ್ಕೂ ಬದಿಯಿಂದ ಕಾಲು ಒಳಗೆ ತೂರಿಸಿ, ರಜಾಯಿಯನ್ನು ಎದೆವರೆಗೆ ಎಳೆದುಕೊಂಡು ಕೂತವರಿಗೆ ವಸಂತ ಬರುವವರೆಗೂ ಏಳುವ ಮನಸ್ಸಾಗುವುದಿಲ್ಲ. ಅಷ್ಟು ಬೆಚ್ಚಗೆ ಸುಮ್ಮನೆ ಕೂತರೆ ಒಂದೋ ನಿದ್ದೆ ಬರುತ್ತದೆ, ಇಲ್ಲವೇ ಪಕ್ಕದ ಮನೆಯ ಸೊಸೆಯ ಸುದ್ದಿ ಬರುತ್ತದೆ. ಅದಕ್ಕೇ ಯಾರಾದರೂ ಗಟ್ಟಿಯಾಗಿ ಓದಬೇಕು, ಉಳಿದವರು ಕೇಳಬೇಕು.

ನಮ್ಮ ಓಣಿಯಲ್ಲಿ ಆ ಓದು ನಡೆಯುತ್ತಿದ್ದುದು ತಾವೂಸಳ ಮನೆಯಲ್ಲಿ. ತಾವೂಸ್ ಎಂದರೆ ನವಿಲು. ಹೆಸರಿಟ್ಟವರು ಏನು ಕನಸು ಕಂಡು ಇಟ್ಟರೋ, ದೊಡ್ಡವಳಾದ ಮೇಲೆ ಅವಳು ಕಪ್ಪು ಬಿಟ್ಟು ಬೇರೆ ಬಣ್ಣ ಉಟ್ಟಿದ್ದನ್ನು ಓಣಿ ನೋಡಿದ್ದು ಕಡಿಮೆ. ಮದುವೆಯಾದ ಹೊಸದರಲ್ಲೇ ಗಂಡನ ಲಾರಿ ಅಸದಾಬಾದ್ ಘಾಟಿಯ ಹಿಮದಲ್ಲಿ ಜಾರಿ ಪ್ರಪಾತಕ್ಕೆ ಬಿತ್ತು. ಮಕ್ಕಳಿರಲಿಲ್ಲ. ಉಳಿದದ್ದು ಇಟ್ಟಿಗೆ ಕಮಾನಿನ ಒಂದು ದೊಡ್ಡ ಕೋಣೆ, ಮೇಲೊಂದು ಮಣ್ಣಿನ ಮಾಳಿಗೆ, ಅಂಗಳದಲ್ಲಿ ಸೇಬಿನ ಜಾತಿಯ ಒಂದು ಬಿಹಿ ಹಣ್ಣಿನ ಮರ. ಜಮಖಾನೆ ನೇಯುವವರಿಗೆ ಉಣ್ಣೆ ನೂತು ಕೊಟ್ಟು ಜೀವನ ಸಾಗಿಸಿದಳು. ಯಾರ ಮುಂದೆಯೂ ಕೈ ಚಾಚಿದವಳಲ್ಲ. ಓದುಬರಹ ಮಾತ್ರ ಅವಳ ತಲೆಗೆ ಯಾರೂ ಹಚ್ಚಿರಲಿಲ್ಲ.

ಓದುತ್ತಿದ್ದವಳು ಮುನವ್ವರ್. ಓಣಿಯ ಆ ಬದಿಯ ಮನೆ, ಮುಲ್ಲಾನ ಮಗಳು. ಅಪ್ಪನ ಮಡಿಲಲ್ಲೇ ಅಕ್ಷರ ಕಲಿತವಳು. ದನಿ ಎಂದರೆ ದನಿ, ಸತ್ತ ರಾಜಕುಮಾರ ಎದ್ದು ಕೂರಬೇಕು. ಅವಳ ಗಂಡ ಬಜಾರಿನಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ. ಗಿರಾಕಿಗಳ ಹತ್ತಿರ ದಿನವಿಡೀ ಮಾತಾಡಿ ಮಾತೆಲ್ಲ ಅಲ್ಲೇ ಖರ್ಚು ಮಾಡಿ ಬರುತ್ತಿದ್ದ. ಮನೆಯಲ್ಲಿ ಅವನ ಬಾಯಿಂದ ಬರುತ್ತಿದ್ದುದು 'ರೊಟ್ಟಿ', 'ಚಹಾ', 'ದೀಪ ಆರಿಸು' ಇಷ್ಟೇ. ಹಾಗಾಗಿ ಮುನವ್ವರ್ ಸಂಜೆಯಾದರೆ ಓಣಿ ದಾಟಿ ತಾವೂಸಳ ಮನೆಗೆ ಬಂದುಬಿಡುತ್ತಿದ್ದಳು.

ಚಳಿಗಾಲದ ಓದಿಗೆ ತಾವೂಸ್ ಮಾಡುತ್ತಿದ್ದ ತಯಾರಿ ನೋಡಿದರೆ ಮದುವೆಮನೆ ನೆನಪಾಗಬೇಕು. ಬೇಸಿಗೆ ಮುಗಿಯುವ ಮೊದಲೇ ಇದ್ದಿಲ ಪುಡಿಗೆ ನೀರು ಹಾಕಿ ನಾದಿ, ಉಂಡೆ ಕಟ್ಟಿ, ಮಾಳಿಗೆಯ ಮೇಲೆ ಒಣಗಿಸುತ್ತಿದ್ದಳು. ರಜಾಯಿಯ ಹೊಲಿಗೆ ಬಿಚ್ಚಿ, ಗವಸು ಒಗೆದು, ಹತ್ತಿ ಹಿಂಜಲು ಪಿಂಜಾರನಿಗೆ ಹೇಳಿಕಳಿಸುತ್ತಿದ್ದಳು. ಬಿಹಿ ಹಣ್ಣು ಕಿತ್ತು ಗೋಡೆಯ ಗೂಡಿನಲ್ಲಿ ಸಾಲಾಗಿ ಇಟ್ಟರೆ ಕೋಣೆಯೆಲ್ಲ ಘಮಘಮ. ಓಣಿಗೆ ಕರೆಂಟು ಬಂದಿತ್ತು, ಆದರೆ ಬಲ್ಬು ಕಮಾನಿನ ತುದಿಯಲ್ಲಿ ಎಲ್ಲೋ ನಕ್ಷತ್ರದಂತೆ ಮಿಣಕುತ್ತಿತ್ತು. ಓದಲು ಎಣ್ಣೆ ದೀಪವೇ ಬೇಕು. ಅದರ ಗಾಜನ್ನು ಬೂದಿ ಹಚ್ಚಿ ಉಜ್ಜಿ ಉಜ್ಜಿ ಇದೆಯೋ ಇಲ್ಲವೋ ಎನ್ನುವಂತೆ ಮಾಡುತ್ತಿದ್ದಳು. ಬಾಗಿಲಿಗೆ ಎದುರಾದ ಬದಿಯನ್ನು ಕೊರ್ಸಿಯ ಮೇಲ್ಗಡೆ ಎನ್ನುತ್ತಾರೆ, ಮನೆಯ ಹಿರಿಯರು ಕೂರುವ ಜಾಗ. ತಾವೂಸ್ ಅದನ್ನು ಮುನವ್ವರಳಿಗೆ ಬಿಟ್ಟುಕೊಟ್ಟು, ಬೆನ್ನಿಗೆ ದಪ್ಪ ದಿಂಬು ಕೊಟ್ಟು, ತಾನು ಬಾಗಿಲ ಬದಿಯಲ್ಲಿ ಗಾಳಿಗೆ ಬೆನ್ನೊಡ್ಡಿ ಕೂರುತ್ತಿದ್ದಳು. ಇದು ಇಪ್ಪತ್ತಕ್ಕೂ ಹೆಚ್ಚು ವರ್ಷ ನಡೆದುಬಂದ ಪದ್ಧತಿ.

ಇನ್ನೊಂದು ಪದ್ಧತಿಯೂ ಇತ್ತು. ಕೊರ್ಸಿ ಹೂಡಿದ ಮೊದಲ ಸಂಜೆ ಕಥೆ ಶುರುಮಾಡುವ ಮುನ್ನ ಪದ್ಯದ ಪುಸ್ತಕದಲ್ಲಿ ಶಕುನ ನೋಡಬೇಕು. ಕಣ್ಣು ಮುಚ್ಚಿ, ಕೇಳಬೇಕಾದ್ದನ್ನು ಮನಸ್ಸಿನಲ್ಲೇ ಕೇಳಿ, ಬೆರಳು ತೂರಿಸಿ ಪುಸ್ತಕ ತೆರೆಯುವುದು. ಬಂದ ಪುಟದ ಪದ್ಯವೇ ಉತ್ತರ. ಬೆರಳು ಕೇಳುವವರದು, ಕಣ್ಣು ಓದುವವರದು. ಆ ಪುಸ್ತಕ ಮುನವ್ವರಳ ಅಪ್ಪನದು. ಓದು ನಡೆಯುವುದು ತಾವೂಸಳ ಮನೆಯಲ್ಲಾದ್ದರಿಂದ ಹಸಿರು ಬಟ್ಟೆಯಲ್ಲಿ ಸುತ್ತಿ ಅವಳ ಗೂಡಿನಲ್ಲೇ ಇಟ್ಟಿದ್ದರು.

ತಾವೂಸ್ ಹರೆಯದ ವಿಧವೆಯಾಗಿದ್ದಾಗ ಲಾಲೆಜಿನ್‌ನ ಒಬ್ಬ ಕುಂಬಾರ ನಮ್ಮ ಓಣಿಗೆ ಬರುತ್ತಿದ್ದ. ಸೈಫುಲ್ಲಾ ಎಂದು ಹೆಸರು. ಕತ್ತೆಯ ಮೇಲೆ ಹುಲ್ಲು ಹಾಸಿ ನೀಲಿ ಬಟ್ಟಲುಗಳನ್ನು ಹೇರಿಕೊಂಡು ಬರುವವನು. ಹೆಂಡತಿ ಸತ್ತಿದ್ದಳು. ಜೊತೆಯಲ್ಲಿ ಸದಾ ಮೂಗು ಸುರಿಸುವ ಪುಟ್ಟ ಮಗಳು. ಅಪ್ಪ ವ್ಯಾಪಾರ ಮಾಡುವಷ್ಟು ಹೊತ್ತೂ ಮಗು ತಾವೂಸಳ ಹೊಸ್ತಿಲ ಮೇಲೆ ಕೂತು ಒಣದ್ರಾಕ್ಷಿ ಮೆಲ್ಲುತ್ತಿತ್ತು. ಒಂದು ಶರತ್ಕಾಲ ಅವನು ಓಣಿಯ ಹಿರಿಯಳಾದ ಖಾವರ್ ಅಜ್ಜಿಯ ಕೈಯಲ್ಲಿ ತನ್ನ ಅತಿ ಚೆಂದದ ಬಟ್ಟಲೊಂದನ್ನು ಕೊಟ್ಟು ಮದುವೆಯ ಮಾತು ಕಳಿಸಿದ. ತಾವೂಸಳಿಗೆ ಅವನು ಇಷ್ಟವಾಗಿದ್ದ. ಇದನ್ನು ಸುತ್ತಿಬಳಸಿ ಹೇಳುವುದೇನಿದೆ? ಅವನೂ ಇಷ್ಟ, ಆ ಮಗುವೂ ಇಷ್ಟ. ಆದರೆ ಗೊತ್ತಿಲ್ಲದ ಊರು, ಜನರ ನಾಲಿಗೆ, ಸತ್ತವನ ನೆನಪು. ಮನಸ್ಸು ಡೋಲಾಯಮಾನವಾಗಿತ್ತು. ಪುಸ್ತಕ ಏನು ಹೇಳುತ್ತದೋ ಹಾಗೆ ಮಾಡುವುದೆಂದು ಗಟ್ಟಿಮಾಡಿಕೊಂಡಳು.

ಆ ಸಂಜೆ ಅವಳು ದಾಳಿಂಬೆ ಬಿಡಿಸುತ್ತಿದ್ದಳು. ಗಡಿಬಿಡಿಯಲ್ಲಿ ಕೈ ತೊಳೆಯದೆ ಪುಸ್ತಕ ತೆರೆದದ್ದರಿಂದ ಹೆಬ್ಬೆರಳಿನ ಗುರುತು ಹಾಳೆಯ ಮೂಲೆಯಲ್ಲಿ ಕೆಂಪಗೆ ಮೂಡಿತು. ಮುನವ್ವರ್ ಪುಸ್ತಕ ಇಸಕೊಂಡು ಬಹಳ ಹೊತ್ತು ನೋಡಿದಳು. ದೀಪ ಮಂಕಾಗಿದೆ ಎಂದು ಬತ್ತಿ ಏರಿಸಿದಳು, ಇಳಿಸಿದಳು. ಆಮೇಲೆ ಓದಿದಳು:

*ಕುಳಿತಲ್ಲೇ ಕುಳಿತಿರು ಮನವೇ, ದಾರಿಯ ಧೂಳು ನಿನಗೆ ಬೇಡ,*
*ನಿನ್ನ ಬೂದಿಯೊಳಗೇ ಕೆಂಡವಿದೆ, ಅನ್ಯರ ಒಲೆ ನಿನಗೆ ಬೇಡ.*

ಇಷ್ಟು ಸ್ಪಷ್ಟವಾಗಿ ಪುಸ್ತಕ ಯಾರಿಗೂ ಉತ್ತರ ಕೊಟ್ಟಿದ್ದಿಲ್ಲ ಎಂದು ಖಾವರ್ ಅಜ್ಜಿ ಗಲ್ಲ ಹಿಡಿದುಕೊಂಡಳು. ತಾವೂಸ್ ಮರುದಿನ ನೀಲಿ ಬಟ್ಟಲನ್ನು ವಾಪಸು ಕಳಿಸಿದಳು. ಬಂದ ಬಟ್ಟಲನ್ನು ಖಾಲಿ ಕಳಿಸಬಾರದಲ್ಲ, ಅದರ ತುಂಬ ಬಿಹಿ ಹಣ್ಣು ತುಂಬಿ, ಜೊತೆಗೆ 'ಆಗುವುದಿಲ್ಲ' ಎಂಬ ಮಾತು ಹೇಳಿ ಕಳಿಸಿದಳು. ಅವನು ಮುಂದಿನ ವಸಂತದಲ್ಲಿ ಮಲಾಯೆರ್‌ನ ಹೆಣ್ಣೊಂದನ್ನು ಮದುವೆಯಾದ. ಆಮೇಲೆ ನಮ್ಮ ಓಣಿಗೆ ಬರಲಿಲ್ಲ.

ಆ ಎರಡು ಸಾಲನ್ನು ತಾವೂಸ್ ತಾಯಿತದ ಹಾಗೆ ಕಟ್ಟಿಕೊಂಡಳು. ನೂಲುವಾಗ ಅದೇ, ಕೆಂಡ ಊದುವಾಗ ಅದೇ, ಮಧ್ಯಾಹ್ನ ಒಬ್ಬಳೇ ಊಟಕ್ಕೆ ಕೂತಾಗಲೂ ಅದೇ. ತನ್ನ ಹಣೆಬರಹ ಪುಸ್ತಕದಲ್ಲಿ ಅಚ್ಚಾಗಿದೆ, ಇನ್ನು ಅಳುವುದರಲ್ಲಿ ಅರ್ಥವಿಲ್ಲ ಎಂದುಕೊಂಡಳು. ಒಮ್ಮೆ ಮಾತ್ರ ಮುನವ್ವರಳನ್ನು ಕೇಳಿದ್ದಳು, ತನಗೂ ಅಕ್ಷರ ಕಲಿಸು ಎಂದು.

"ನಿಂಗ್ಯಾಕೇ ಈ ತಲೆನೋವು?" ಎಂದು ಮುನವ್ವರ್ ನಕ್ಕಿದ್ದಳು. "ನಾನೇನು ಸತ್ತಿದೀನಾ? ನಿನ್ನ ಕಿವಿ ಇದೆ, ನನ್ನ ಕಣ್ಣಿದೆ. ಇಬ್ಬರಿಗೂ ಸೇರಿ ಸಾಕಲ್ವೇನೇ?"

ಎಷ್ಟು ಅಕ್ಕರೆ ನನ್ನ ಮೇಲೆ ಎಂದು ಆಗ ತಾವೂಸಳ ಕಣ್ಣು ತುಂಬಿತ್ತು.

ಹೋದ ಚಳಿಗಾಲದಲ್ಲಿ ಮುನವ್ವರಳ ಕಣ್ಣಿಗೆ ಪೊರೆ ಬರತೊಡಗಿತು. ಓದುತ್ತ ಓದುತ್ತ ಸಾಲು ಬಿಡುತ್ತಿದ್ದಳು. ಸತ್ತ ವಜೀರ ಮುಂದಿನ ಪುಟದಲ್ಲಿ ಕುದುರೆ ಏರಿ ಬರುತ್ತಿದ್ದ. "ಇವನು ಹೋದ ವಾರ ಸತ್ತನಲ್ಲೇ?" ಎಂದು ಖಾವರ್ ಅಜ್ಜಿ ಕೇಳಿದರೆ ಮುನವ್ವರ್ ಸಿಡುಕುತ್ತಿದ್ದಳು. ಪುಸ್ತಕ ಮೂಗಿಗೆ ತಾಗುವಷ್ಟು ಹತ್ತಿರ ಬಂತು, ಕಣ್ಣಿಂದ ನೀರು ಧಾರಾಕಾರ. ತಾವೂಸಳಿಗೆ ನೋಡಲಾಗಲಿಲ್ಲ. ಇಷ್ಟು ವರ್ಷ ನನಗಾಗಿ ಕಣ್ಣು ಸವೆಸಿದಳು, ಇನ್ನು ನಾನು ಓದಬೇಕು ಎಂದುಕೊಂಡಳು. ಬೇಸಿಗೆಯಲ್ಲಿ ಶಾಲೆಯಲ್ಲಿ ದೊಡ್ಡವರಿಗಾಗಿ ನಡೆಯುವ ಸಂಜೆ ತರಗತಿಗೆ ಹೆಸರು ಕೊಟ್ಟಳು. ಉಣ್ಣೆ ಅಂಗಡಿಗೆ ಹೋಗಿ ಬರುತ್ತೇನೆಂದು ಮುನವ್ವರಳಿಗೆ ಸುಳ್ಳು ಹೇಳಿ ಹೋಗುತ್ತಿದ್ದಳು. ಜೀವನದಲ್ಲಿ ಗೆಳತಿಗೆ ಹೇಳಿದ ಸುಳ್ಳು ಅದೊಂದೇ, ಅದೂ ಗೆಳತಿಯ ಸಂತೋಷಕ್ಕೆ. ಕೊರ್ಸಿಯ ಮೊದಲ ಸಂಜೆ ಅವಳ ಕೈಯಿಂದ ಪುಸ್ತಕ ತೆಗೆದುಕೊಂಡು, 'ನೀನು ಒರಗಿಕೋ, ಈ ವರ್ಷ ನನ್ನ ಪಾಳಿ' ಎನ್ನಬೇಕು. ಆಗ ಮುನವ್ವರಳ ಮುಖ ಹೇಗಾಗಬಹುದೆಂದು ನೆನೆದು ಕದಿರು ತಿರುಗಿಸುತ್ತಲೇ ಒಬ್ಬಳೇ ನಗುತ್ತಿದ್ದಳು.

ನೂಲಿಗೆ ಪಳಗಿದ ಬೆರಳು ಪೆನ್ಸಿಲ್ಲಿಗೆ ಸುಲಭಕ್ಕೆ ಬಗ್ಗಲಿಲ್ಲ. ಅಕ್ಷರಗಳು ಒಂದಕ್ಕೊಂದು ಕೈಹಿಡಿದುಕೊಂಡು ಓಡುತ್ತವೆ, ಯಾವುದು ಎಲ್ಲಿ ಮುಗಿಯಿತೆಂದೇ ತಿಳಿಯುವುದಿಲ್ಲ. ಆದರೂ ಬಿಡಲಿಲ್ಲ. ಶುಕೂಹ್ ಎಂಬ ಹರೆಯದ ಮೇಷ್ಟ್ರಮ್ಮ ಒಂದು ಉಪಾಯ ಹೇಳಿಕೊಟ್ಟಳು. "ತಾವೂಸ್ ಖಾನಂ, ನಿಮಗೆ ಬಾಯಿಪಾಠ ಬರೋದನ್ನೇ ಮೊದಲು ಓದಿ. ಬಾಯಿ ಮುಂದೆ ಹೋಗುತ್ತೆ, ಕಣ್ಣು ಹಿಂದೆ ಬರುತ್ತೆ."

ತಾವೂಸಳಿಗೆ ಬಾಯಿಪಾಠ ಬರುತ್ತಿದ್ದುದು ಯಾವುದೆಂದು ಹೇಳಬೇಕಿಲ್ಲ.

ಬೇಸಿಗೆ ಕಳೆದು ಶರತ್ಕಾಲ ಶುರುವಾಗುವ ಮೆಹರ್ ತಿಂಗಳ ಒಂದು ಮಧ್ಯಾಹ್ನ, ರಜಾಯಿಯ ಗವಸು ಅಂಗಳದಲ್ಲಿ ಒಣಗುತ್ತಿದ್ದಾಗ, ಅವಳು ಕೈ ತೊಳೆದು ಹಸಿರು ಬಟ್ಟೆ ಬಿಚ್ಚಿದಳು. ಪುಟ ಹುಡುಕುವುದು ಕಷ್ಟವಾಗಲಿಲ್ಲ. ದಾಳಿಂಬೆಯ ಕಲೆ ಈಗ ಕಂದಾಗಿತ್ತು. ತನ್ನ ಹೆಬ್ಬೆರಳನ್ನು ಅದರ ಮೇಲಿಟ್ಟು ನೋಡಿದಳು, ಸರಿಯಾಗಿ ಕೂತಿತು. ಒಂದು ಥರದ ಹರ್ಷದಿಂದ ಮೊದಲ ಸಾಲಿಗೆ ಬೆರಳಿಟ್ಟು 'ಕುಳಿತಲ್ಲೇ' ಎಂದಳು. ಆದರೆ ಕಣ್ಣಿಗೆ ಕಂಡದ್ದು 'ಬಾಗಿಲು'.

ಮತ್ತೆ ನೋಡಿದಳು, ಬಾಗಿಲೇ. ನನ್ನ ದಡ್ಡ ತಲೆ ಎಂದು ಬೈದುಕೊಂಡಳು. ಎರಡನೇ ಸಾಲು ನೋಡಿದಳು, ಎದುರಿನ ಪುಟ ನೋಡಿದಳು. ಸಾಲುಗಳ ತುದಿಯಲ್ಲಿ ಒಂದೇ ಮಾತು ಮತ್ತೆ ಮತ್ತೆ ಬಂದಿತ್ತು. ಆದರೆ ಅದು 'ಬೇಡ' ಆಗಿರಲಿಲ್ಲ. ಅರ್ಧ ಮಧ್ಯಾಹ್ನ ಕೂತು ಬೆವರಿದಳು. ಅವಳಿಗೆ ಆಗಲೂ ಮುನವ್ವರಳ ಮೇಲೆ ಸಂಶಯದ ಎಳೆ ಕೂಡ ಹುಟ್ಟಲಿಲ್ಲ. ತಾನೇ ಏನೂ ಕಲಿತಿಲ್ಲ, ಬೇಸಿಗೆಯೆಲ್ಲ ದಂಡವಾಯಿತು ಎಂದು ಬಹಳ ಬೇಜಾರಾಯಿತು.

ಸಂಜೆ ಪುಸ್ತಕವನ್ನು ಬಗಲಲ್ಲಿಟ್ಟುಕೊಂಡು ಶುಕೂಹಳ ಹತ್ತಿರ ಹೋದಳು. "ಶುಕೂಹ್ ಖಾನಂ, ನಾನು ಫೇಲು. ನನಗೆ ಗೊತ್ತಿರೋ ಪದ್ಯವನ್ನೇ ಓದಕ್ಕಾಗ್ತಿಲ್ಲ."

ಶುಕೂಹ್ ಕಲೆ ಬಿದ್ದ ಪುಟ ನೋಡಿ ನೀರು ಕುಡಿದಷ್ಟು ಸಲೀಸಾಗಿ ಓದಿದಳು:

*ಬಾಗಿಲು ತಟ್ಟಿದವನು ನಾಳೆ ತಟ್ಟುವನೆಂದು ಯಾರು ಬಲ್ಲರು? ಎದ್ದೇಳು,*
*ದ್ರಾಕ್ಷಿ ಮಾಗಿದೆ, ತೋಟ ಯಾರನ್ನೂ ಕಾಯುವುದಿಲ್ಲ. ಎದ್ದೇಳು.*

"ಅದಲ್ಲ, 'ಕುಳಿತಲ್ಲೇ ಕುಳಿತಿರು' ಅಂತ ಬರುತ್ತಲ್ಲ, ಅದು?"

ಶುಕೂಹ್ ಪುಟ ಹಿಂದೆ ಮುಂದೆ ತಿರುಗಿಸಿದಳು. ತಾವೂಸ್ ಎರಡೂ ಸಾಲು ಹೇಳಿದಳು. "ಇಲ್ಲಿ ಇಲ್ಲ ತಾವೂಸ್ ಖಾನಂ. ಈ ಪುಸ್ತಕ ನಮ್ಮ ಮನೇಲೂ ಇದೆ, ಚಿಕ್ಕಂದಿನಿಂದ ಓದಿದೀನಿ. ಇಂಥ ಸಾಲು ಇದರಲ್ಲಿ ಎಲ್ಲೂ ನೋಡಿಲ್ಲ. ಆದ್ರೆ ನೀವು ಫೇಲಲ್ಲ. 'ಬಾಗಿಲು' ಅಂತ ಓದಿದಿರಲ್ಲ, ಅದು ಸರಿ."

ಫೇಲಾಗಿದ್ದರೆ ಎಷ್ಟೋ ವಾಸಿಯಿತ್ತು. ತಾವೂಸ್ ಮನೆಗೆ ಹೇಗೆ ಬಂದಳೋ ಅವಳಿಗೇ ತಿಳಿಯದು. ಮಾಳಿಗೆ ಹತ್ತಿ ಇದ್ದಿಲುಂಡೆಗಳ ನಡುವೆ ಕೂತಳು. ಮುನವ್ವರ್ ಅಂದು ಬತ್ತಿ ಏರಿಸಿದ್ದು, ಇಳಿಸಿದ್ದು ಕಣ್ಣಿಗೆ ಕಟ್ಟಿತು. 'ನಿನ್ನ ಕಿವಿ ಇದೆ, ನನ್ನ ಕಣ್ಣಿದೆ' ಎಂದದ್ದು ಕಿವಿಯಲ್ಲಿ ಮೊಳಗಿತು. ಆ ಮಾತಿಗೆ ಕಣ್ಣೀರು ಹಾಕಿದ್ದಳಲ್ಲ ತಾನು, ಅದನ್ನು ನೆನೆದು ಮೈ ಪರಚಿಕೊಳ್ಳುವಂತಾಯಿತು. ಸೈಫುಲ್ಲಾನ ಮುಖ ಈಗ ಸರಿಯಾಗಿ ನೆನಪಿಗೇ ಬರಲಿಲ್ಲ. ಬಂದದ್ದು ಆ ಮಗು. ಅದರ ಮೂಗು ಒರೆಸಿ, ತಲೆ ಬಾಚಿ, ಜಡೆ ಹೆಣೆದು ದೊಡ್ಡದು ಮಾಡಬಹುದಿತ್ತು. ಯಾರೋ ಮಲಾಯೆರ್‌ನವಳು ಅದನ್ನು ಬೆಳೆಸಿದಳು. ತಾನು ಇಲ್ಲಿ ಕೂತು ಉಣ್ಣೆ ನೂತಳು, ಬೂದಿಯಲ್ಲಿ ಕೆಂಡವಿದೆ ಎಂದು ಹಾಡಿಕೊಂಡಳು.

ಜಗಳ ಮಾಡಲು ಆಗಲೇ ಓಣಿ ದಾಟಬಹುದಿತ್ತು. ದಾಟಲಿಲ್ಲ. ಬದಲಿಗೆ ಕೆಲಸಕ್ಕೆ ಬಿದ್ದಳು. ಗವಸನ್ನು ಎರಡನೇ ಸಲ ಒಗೆದಳು. ದೀಪದ ಗಾಜು ಉಜ್ಜುವಾಗ ಒಂದು ಒಡೆಯಿತು, ಹೊಸದು ತಂದಳು. ಪಿಂಜಾರ ರಜಬ್ ಬಂದು ಅಂಗಳದಲ್ಲಿ ಬಿಲ್ಲು ಹೂಡಿ ತುಂಯ್ ತುಂಯ್ ಎಂದು ಹತ್ತಿ ಹಿಂಜತೊಡಗಿದ. ಅವನ ಗಡ್ಡ ಮೀಸೆಯೆಲ್ಲ ಹತ್ತಿಯಾಗಿ ಇದ್ದಕ್ಕಿದ್ದಂತೆ ಮುದುಕನಾಗಿದ್ದ.

"ಖಾನಂ, ಮುನವ್ವರ್ ಖಾನಂ ದಿಂಬಿಗೆ ಪ್ರತಿ ವರ್ಷದ ಹಾಗೇ ಡಬಲ್ ಹತ್ತಿ ತಾನೇ?"

"ಈ ಸಲ ಬೇಡ. ಎಲ್ಲರಿಗೂ ಹಾಕಿದಷ್ಟೇ ಹಾಕು."

ರಜಬ್ ಹುಬ್ಬೇರಿಸಿದ. "ಏನು, ಬೇಗಂಗಳಲ್ಲಿ ಯುದ್ಧವೋ?"

"ನಿನ್ನ ಬಿಲ್ಲಿನ ಕಡೆ ನೋಡಪ್ಪ. ನನ್ನ ಬಾಯಿ ಹಿಂಜಬೇಡ."

ಅವನು ದಿಂಬು ತುಂಬಿ ಬಾಯಿ ಹೊಲಿಯಲು ಸೂಜಿ ಚುಚ್ಚಿದಾಗ ತಾವೂಸಳೇ ಒಂದು ಬೊಗಸೆ ಹತ್ತಿ ತಂದು ಒಳಗೆ ತುರುಕಿದಳು. "ಹಾಕು. ಅವಳ ಬೆನ್ನು ನೋಯುತ್ತೆ." ಹೇಳಿ ತನ್ನ ಮೇಲೆಯೇ ರೇಗಿ ಒಳಗೆ ಹೋದಳು. ಇಷ್ಟು ವರ್ಷದ ಕೈ, ಮನಸ್ಸಿನ ಮಾತು ಒಮ್ಮೆಲೇ ಕೇಳುತ್ತದೆಯೇ?

ಮುನವ್ವರ್ ಮರುದಿನ ತಾನೇ ಬಂದಳು, ಒಂದು ತಟ್ಟೆ ಅಕ್ರೋಟು ಹಿಡಿದು. ಹೊಸದಾಗಿ ಹೊಲಿದ ರಜಾಯಿಯ ಅಂಚನ್ನು ಬೆರಳಿನಲ್ಲಿ ಒತ್ತಿ ನೋಡಿದಳು. ಹತ್ತಿರ ಬಗ್ಗಿ ನೋಡಿದಳು. ಅಷ್ಟು ಬಗ್ಗಬೇಕಾಗಿತ್ತು ಈಗ.

"ಹತ್ತಿ ಚೆನ್ನಾಗಿ ಅರಳಿದೆ ಕಣೇ. ಯಾಕೇ ಮುಖ ಊದಿಸ್ಕೊಂಡಿದೀಯ? ನಾಲ್ಕು ದಿನದಿಂದ ನಮ್ಮ ಬಾಗಿಲ ಕಡೆ ತಲೆ ಹಾಕಿಲ್ಲ."

"ಕೆಲಸ."

"ಕೆಲಸ ನಂಗೊತ್ತಿಲ್ವಾ? ವರ್ಷವೂ ಇರುತ್ತೆ. ವರ್ಷವೂ ಬಂದು ತಲೆ ತಿಂತಿದ್ದೆ, ಏನು ಓದೋದು, ಎಷ್ಟು ದಪ್ಪದ್ದು ತರ್ತೀಯ ಅಂತ." ಮುನವ್ವರ್ ದನಿ ತಗ್ಗಿಸಿದಳು. "ತಾವೂಸ್, ನಂಗೆ ಭಯ ಆಗುತ್ತೆ ಕಣೇ. ಹುಳಿದ್ರಾಕ್ಷಿ ರಸ, ಡ್ರಾಪ್ಸು, ಎಲ್ಲ ಹಾಕಿದೆ. ಮಂಜು ಹೋಗ್ತಿಲ್ಲ. ಡಾಕ್ಟರು ಕೊಯ್ಯಬೇಕು ಅಂತಾನೆ, ಕೊಯ್ದರೂ ಬಂದ್ರೆ ಬಂತು ಅಂತಾನೆ. ಓದಕ್ಕಾಗದಿದ್ರೆ ನನ್ನನ್ನ ಯಾರು ಕರೀತಾರೆ?"

ತಾವೂಸ್ ಅಕ್ರೋಟಿನ ತಟ್ಟೆಯನ್ನು ಆಚೆ ಸರಿಸಿದಳು. ಕೇಳಿಬಿಡಲೇ? ಆದರೆ ಕೇಳಿದರೆ ಇವಳು ಅಳುತ್ತಾಳೆ. ಅತ್ತರೆ ತನಗೆ ಮರುಕ ಬರುತ್ತದೆ. ಅವಳಿಗೆ ಮರುಕ ಬೇಡವಾಗಿತ್ತು.

"ಶುಕ್ರವಾರ ಕೊರ್ಸಿ ಹೂಡ್ತೀನಿ. ಸಂಜೆ ಬಾ," ಎಂದಷ್ಟೇ ಹೇಳಿದಳು.

ಶುಕ್ರವಾರ ಬೆಟ್ಟದ ಕಡೆಯಿಂದ ಚೂರಿಯಂಥ ಗಾಳಿ ಬೀಸಿತು. ತಾವೂಸ್ ಕೆಂಡದ ಮೇಲೆ ಬೂದಿ ಎಳೆದು ಹದ ಮಾಡಿದಳು. ಚಹಾದ ನೀರು ಕಾಯುವ ಸಮೋವಾರ್ ಸದ್ದು ಮಾಡುತ್ತಿತ್ತು. ಬೇಯಿಸಿದ ಬೀಟ್‌ರೂಟು, ಅಕ್ರೋಟು, ಒಣದ್ರಾಕ್ಷಿ, ದಾಳಿಂಬೆ, ಒಂದಕ್ಕೂ ಕಡಿಮೆಯಿಲ್ಲ. ಖಾವರ್ ಅಜ್ಜಿ ಮೊದಲೇ ಬಂದು ಬೆಚ್ಚಗಿನ ಬದಿ ಹಿಡಿದಳು. ಓಣಿಯ ಇಬ್ಬರು ಸೊಸೆಯಂದಿರು ಇನ್ನೊಂದು ಬದಿಗೆ ತೂರಿಕೊಂಡರು. ಮುನವ್ವರ್ ಮೇಲ್ಗಡೆ ದಿಂಬಿಗೆ ಒರಗಿ, "ಆಹಾ, ಡಬಲ್ ಹತ್ತಿ," ಎಂದು ಬೆನ್ನು ಆಡಿಸಿದಳು. ತಾವೂಸ್ ಬಾಗಿಲ ಬದಿ ಕೂತಳು.

ಖಾವರ್ ಅಜ್ಜಿಯ ಶಕುನ ಮೊದಲು. ಪ್ರತಿ ವರ್ಷ ಅವಳದು ಒಂದೇ ಪ್ರಶ್ನೆ, ಈ ಚಳಿಗಾಲ ಸಾಯುತ್ತೇನೋ ಇಲ್ಲವೋ. ಮುನವ್ವರ್ ಮೂಗಿಗೆ ತಾಗಿಸಿ ಹಿಡಿದ ಪುಸ್ತಕ ಪ್ರತಿ ವರ್ಷದಂತೆ ಹೂವು, ಕೋಗಿಲೆ ಏನೋ ಹೇಳಿತು. "ಅಂದ್ರೆ ಇನ್ನೊಂದು ವರ್ಷ ನಿಮ್ಮ ಪ್ರಾಣ ತಿನ್ನು ಅಂತ," ಎಂದು ಅಜ್ಜಿ ಬೀಟ್‌ರೂಟಿಗೆ ಕೈ ಹಾಕಿದಳು. ಸೊಸೆಯಂದಿರದೂ ಆಯಿತು.

"ತಾವೂಸ್, ಈಗ ನೀನು," ಎಂದಳು ಮುನವ್ವರ್.

ತಾವೂಸ್ ಪುಸ್ತಕ ತೆಗೆದುಕೊಂಡಳು. ಕಣ್ಣು ಮುಚ್ಚಲಿಲ್ಲ. ಕಲೆ ಬಿದ್ದ ಪುಟ ತೆರೆದು, ಆ ಕಲೆಯ ಮೇಲೆ ಹೆಬ್ಬೆರಳಿಟ್ಟು ಮುನವ್ವರಳ ಮುಂದೆ ಹಿಡಿದಳು. "ಓದು."

ಮುನವ್ವರ್ ಬಗ್ಗಿದಳು. ಅಕ್ಷರ ಮಸುಕಾದರೂ ಕಲೆ ಕಂಡಿರಬೇಕು. ಒಂದು ಕ್ಷಣ ಅವಳ ತುಟಿ ಅಲುಗಿತು, ನಿಂತಿತು. ದೀಪದ ಬತ್ತಿಗೆ ಕೈ ಹೋಯಿತು, ಏರಿಸಿದಳು, ಇಳಿಸಿದಳು. ಆಮೇಲೆ ನಗುತ್ತ ತಲೆಯೆತ್ತಿದಳು. "ಅಯ್ಯೋ, ಅದೇ ಪುಟ ಬಂತಲ್ಲೇ. ಏನು ವಿಚಿತ್ರ! *ಕುಳಿತಲ್ಲೇ ಕುಳಿತಿರು ಮನವೇ, ದಾರಿಯ ಧೂಳು ನಿನಗೆ ಬೇಡ...*"

ಎರಡನೇ ಸಾಲಿಗೂ ಬಂದಳು, ದನಿ ಎಲ್ಲೂ ನಡುಗಲಿಲ್ಲ. ಸೊಸೆಯಂದಿರು ವ್ಹಾ ಎಂದರು. ತಾವೂಸ್ ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಳು. ಕಣ್ಣು ಮಂಜಾದರೂ ಒಂದು ಸಲವಾದರೂ ನಿಜ ಹೇಳಲಿ ಎಂದು ಅವಳು ಒಳಗೊಳಗೇ ಕಾದಿದ್ದಳು. ಆ ಆಸೆಯೂ ತೀರಿತು.

"ಬಾ... ಗಿಲು," ಎಂದಳು. ಬೆರಳು ಮುಂದೆ ಜರುಗಿತು. "ತಟ್ಟಿದವನು... ನಾಳೆ..."

ಶಾಲೆಯ ಹುಡುಗಿಯ ಹಾಗೆ ತಡವರಿಸಿ, ಎಡವಿ, ಹಿಂದೆ ಹೋಗಿ, ಮತ್ತೆ ಹಿಡಿದು ಎರಡೂ ಸಾಲು ಓದಿದಳು. ಕೊನೆಯ 'ಎದ್ದೇಳು' ಮುಗಿಸಿ ಬೆರಳನ್ನು ಅಲ್ಲೇ ಒತ್ತಿ ಹಿಡಿದಳು.

"ಅದು ಬೇರೆ ಪುಟ ಅಲ್ವೇನೇ?" ಎಂದಳು ಖಾವರ್ ಅಜ್ಜಿ ಮೆಲ್ಲಗೆ.

"ಇದೇ ಪುಟ ಅಜ್ಜಿ. ನನ್ನ ಹೆಬ್ಬೆಟ್ಟು ಇಲ್ಲೇ ಇದೆ. ಬಟ್ಟಲು ತಂದವಳು ನೀನು, ನಿಂಗೆ ನೆನಪಿರಬೇಕು."

ಅಜ್ಜಿ ಒಮ್ಮೆ ಇವಳ ಮುಖ ನೋಡಿದಳು, ಒಮ್ಮೆ ಅವಳ ಮುಖ ನೋಡಿದಳು. ಒಲೆ ಮೇಲೆ ಹಾಲಿಟ್ಟು ಬಂದಿದ್ದೇನೆ ಎಂದು ಎದ್ದಳು. ಜನ್ಮದಲ್ಲಿ ಹಾಲು ಕೊಂಡವಳಲ್ಲ ಅವಳು. ಸೊಸೆಯಂದಿರೂ ತಲೆಯ ಮೇಲಿನ ಚಾದರ ಎಳೆದುಕೊಂಡು ಹಿಂದೆಯೇ ಹೊರಟರು.

ಇಬ್ಬರೇ ಉಳಿದರು. ಕಾಲುಗಳು ಒಂದೇ ರಜಾಯಿಯ ಕೆಳಗೆ, ಒಂದೇ ಕೆಂಡದ ಬಿಸಿಗೆ.

"ಯಾವಾಗ ಕಲಿತೆ?" ಎಂದಳು ಮುನವ್ವರ್.

"ಬೇಸಿಗೇಲಿ."

"ನನ್ನ ಕಳ್ಳತನ ಹಿಡಿಯಕ್ಕಾ?"

"ನಿನ್ನ ಕಣ್ಣಿಗೆ ವಿಶ್ರಾಂತಿ ಸಿಗಲಿ ಅಂತ."

ಮುನವ್ವರ್ ಚಾದರದ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ನಮ್ಮ ಮನೇಲಿ ಮಾತು ಎಷ್ಟಿದೆ ಅಂತ ನಿಂಗೊತ್ತು. ರೊಟ್ಟಿ, ಚಹಾ, ದೀಪ ಆರಿಸು. ನೀನು ಲಾಲೆಜಿನ್‌ಗೆ ಹೋಗಿಬಿಟ್ಟಿದ್ರೆ ನಾನು ಯಾರಿಗೆ ಓದ್ತಿದ್ದೆ, ತಾವೂಸ್?"

"ಗೋಡೆಗೆ ಓದ್ಬೇಕಿತ್ತು."

"ಆ ಪುಟ ನೋಡಿದೆ. ಎದೆ ಧಸಕ್ಕಂತು. ನೀನು ಎದ್ದು ಹೋಗಿಬಿಡ್ತೀಯ ಅನ್ನಿಸ್ತು."

"ಆ ಎರಡು ಸಾಲು ಎಲ್ಲಿಂದ ತಂದೆ?"

"ಎಲ್ಲಿಂದಲೂ ಅಲ್ಲ. ನಾನೇ ಕಟ್ಟಿದೆ. ಬತ್ತಿ ಸರಿಮಾಡೋ ಅಷ್ಟರಲ್ಲಿ." ಮುನವ್ವರ್ ಕೆನ್ನೆ ಒರೆಸಿಕೊಂಡಳು. "ಜೀವಮಾನದಲ್ಲಿ ನಾನು ಕಟ್ಟಿದ್ದು ಅದೊಂದೇ. ನೀನು ನೂಲೋವಾಗ ಅದನ್ನ ಹಾಡ್ಕೊಳ್ತಿದ್ರೆ, ನಮ್ಮ ಕಿಟಕಿಗೆ ಕೇಳಿಸ್ತಿತ್ತು."

ಅವಳ ದನಿಯಲ್ಲಿ ಅಳುವಿನ ಅಡಿಯಲ್ಲಿ ಒಂದು ಚೂರು ಹೆಮ್ಮೆ ಇತ್ತು. ತಾವೂಸ್ ಅದನ್ನು ಕೇಳಿಸಿಕೊಂಡಳು. ಮೋಸಕ್ಕಿಂತ ಹೆಚ್ಚಾಗಿ ಆ ಹೆಮ್ಮೆಗೆ ಅವಳ ಮೈ ಧಗಧಗ ಉರಿಯಿತು. ಇವಳ ಪದ್ಯದೊಳಗೆ ತಾನು ಇಪ್ಪತ್ತು ವರ್ಷ ಬಾಡಿಗೆಗಿದ್ದ ಹಾಗಾಯಿತು.

"ತಪ್ಪಾಯ್ತು ಕಣೇ. ಕ್ಷಮಿಸು."

"ಕ್ಷಮಿಸಿದ್ರೆ ಆ ಮಗು ಮತ್ತೆ ಚಿಕ್ಕದಾಗುತ್ತಾ?"

ಮುನವ್ವರ್ ತಲೆ ತಗ್ಗಿಸಿ ರಜಾಯಿಯ ಹೊಲಿಗೆ ಸವರತೊಡಗಿದಳು.

"ಎದ್ದೇಳು," ಎಂದಳು ತಾವೂಸ್.

ಮುನವ್ವರ್ ತಡಕಾಡಿ ಚಾದರ ಹುಡುಕಿದಳು. ಹೊರಗೆ ಹಾಕುತ್ತಾಳೆಂದೇ ತಿಳಿದಳು.

"ಮನೆಗಲ್ಲ. ಈ ಕಡೆ ಬಾ. ಬಾಗಿಲ ಬದಿ ಕೂರು."

ಜಾಗ ಬದಲಾಯಿತು. ತಾವೂಸ್ ತನ್ನ ಕೊರ್ಸಿಯ ಮೇಲ್ಗಡೆಯ ಜಾಗದಲ್ಲಿ ಮೊದಲ ಸಲ ಕೂತಳು. ದಿಂಬು ನಿಜಕ್ಕೂ ಹಿತವಾಗಿತ್ತು. ದೀಪವನ್ನು ತನ್ನ ಎಡಕ್ಕೆ ಎಳೆದುಕೊಂಡಳು. ಮುನವ್ವರ್ ಗಾಳಿಗೆ ಬೆನ್ನೊಡ್ಡಿ, ರಜಾಯಿ ಗಂಟಲವರೆಗೆ ಎಳೆದುಕೊಂಡು ಮುದುಡಿ ಕೂತಳು. ಬಾಗಿಲ ಸಂದಿಯಿಂದ ಬರುವ ಚಳಿ ಎಷ್ಟೆಂದು ಅವಳಿಗೆ ಗೊತ್ತಾದದ್ದು ಅಂದೇ.

"ಇವತ್ತು ನಿನ್ನ ಶಕುನ ಯಾರೂ ನೋಡಿಲ್ಲ," ಎಂದು ತಾವೂಸ್ ಪುಸ್ತಕ ಮುಚ್ಚಿ ಮುಂದೆ ಚಾಚಿದಳು. "ಕೇಳ್ಕೋ."

ಮುನವ್ವರ್ ಕಣ್ಣು ಮುಚ್ಚಿದಳು. ಏನು ಕೇಳಿಕೊಂಡಳೆಂದು ಹೇಳಬೇಕಾಗಿಯೇ ಇರಲಿಲ್ಲ. ಮುಚ್ಚಿದ ರೆಪ್ಪೆಯ ಮೇಲೆ ಎರಡು ಬೆರಳು ಒತ್ತಿಕೊಂಡೇ, ಇನ್ನೊಂದು ಕೈಯಿಂದ ಪುಟ ತೆರೆದಳು. ತಾವೂಸ್ ಬಗ್ಗಿ ಒಂದೊಂದೇ ಅಕ್ಷರ ಕೂಡಿಸಿ ಓದಿದಳು:

*ಕತ್ತಲಿಗೆ... ಅಂಜಬೇಡ... ಬೆಳಗು... ದಾರಿಯಲ್ಲಿದೆ.*

ಮುನವ್ವರಳ ಮುಖ ಅರಳಿತು. ಗೆದ್ದ ಮಗುವಿನಂತೆ ಉಸಿರು ಬಿಟ್ಟಳು. ಅರಳಿದ ಮುಖ ಹಾಗೆಯೇ ನಿಂತು, ನಿಧಾನವಾಗಿ ಮತ್ತೆ ಬಾಡಿತು. ಪುಸ್ತಕದ ಕಡೆ ಕತ್ತು ಚಾಚಿದಳು. ಅವಳಿಗೆ ಕಂಡದ್ದು ಬೆಳ್ಳಗಿನ ಹಾಳೆ, ಅದರ ಮೇಲೆ ಇರುವೆ ಸಾಲು.

"ತಾವೂಸ್," ಎಂದಳು. "ಅಲ್ಲಿ ಹಾಗೇ ಬರೆದಿದೆಯಾ?"

ಹಾಗೇ ಬರೆದಿತ್ತು. ಒಂದಕ್ಷರ ಹೆಚ್ಚಿಲ್ಲ, ಒಂದಕ್ಷರ ಕಡಿಮೆಯಿಲ್ಲ. ತಾವೂಸ್ ಅದನ್ನು ಹೇಳಲಿಲ್ಲ. ಪುಸ್ತಕವನ್ನು ಹಸಿರು ಬಟ್ಟೆಯಲ್ಲಿ ಸುತ್ತಿ ಗೂಡಿನಲ್ಲಿಟ್ಟು, ಒಂದು ಬಿಹಿ ಹಣ್ಣು ತೆಗೆದುಕೊಂಡು ಹೋಳು ಮಾಡತೊಡಗಿದಳು.